ನೋವೈ ಮೈದಾನದಲ್ಲಿ ಕಪ್ಪು ಪಟ್ಟಿ

ಶನಿವಾರ ಬೆಳಿಗ್ಗೆ ಏಳೂವರೆಗೆ ಶಿಕಾಗೋ ಪಕ್ಕದ ಲಿಸ್ಲ್‌ನಿಂದ ಹೊರಟೆವು. ಮೋಡ ಮುಸುಕಿತ್ತು, ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಸಣ್ಣ ಚಳಿ. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ದಿನ. ಹಾಗಾಗಿ ಮೂರು ದಿನ ಸಾಲು ರಜೆ, ರಸ್ತೆಯಲ್ಲಿ ಅರ್ಧ ಶಿಕಾಗೋ. ಮಿಶಿಗನ್‌ನ ನೋವೈ ಊರಿಗೆ ಇನ್ನೂರ ಎಂಬತ್ತು ಮೈಲಿ. ರಶ್ಮಿ ಡ್ರೈವ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ನಿಶಾ, ಇಲ್ಲೇ ಬೆಳೆದವಳು, ತಂಡಕ್ಕೆ ಕಿರಿಯಳು; ಅವಳ ಕಾಲ ಬಳಿ ಚೆಂಡುಗಳ ಚೀಲ. ತಂಡದ ಉಳಿದ ಹನ್ನೊಂದು ಜನ ಬೇರೆ ಮೂರು ಕಾರುಗಳಲ್ಲಿ ಬರುತ್ತಿದ್ದರು.

ನಮ್ಮದು ಲಿಸ್ಲ್ ಸುತ್ತಮುತ್ತಲಿನ ಕನ್ನಡದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ. ಇಲ್ಲಿನವರ ಬಾಯಲ್ಲಿ ಅದು ಸಾಕರ್. ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಬೇರೆಯದೇ ಆಟ. ರಶ್ಮಿ ನಮ್ಮ ಕ್ಯಾಪ್ಟನ್, ನಾನು ಗೋಲ್‌ಕೀಪರ್. ತಂಡ ಕಟ್ಟಿದವರು ಅರವಿಂದ ಅಂಕಲ್. ಬಾಗಲಕೋಟೆಯವರು, ಕಾರಿನ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್. ಎರಡು ವರ್ಷದ ಹಿಂದೆ ಕೆಲಸ ಬದಲಿಸಿ ನೋವೈಗೆ ಹೋದರು, ಅಲ್ಲಿಯೂ ಒಂದು ತಂಡ ಕಟ್ಟಿದರು. ಅಲ್ಲಿಂದೀಚೆಗೆ ಎರಡೂ ತಂಡಗಳು ವರ್ಷಕ್ಕೊಮ್ಮೆ ಆಡುತ್ತವೆ. ಈ ಜನವರಿಯಲ್ಲಿ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಈ ಸಲದ ಪಂದ್ಯ ಅವರ ಹೆಸರಿನಲ್ಲಿ. ನಾನು, ರಶ್ಮಿ, ನಿಶಾ ಅವರ ಮನೆಯಲ್ಲೇ ಉಳಿಯಬೇಕೆಂದು ಅವರ ಹೆಂಡತಿ ಸರೋಜಾ ಆಂಟಿ ಎರಡು ಸಲ ಫೋನ್ ಮಾಡಿ ಹೇಳಿದ್ದರು.

ಇಂಡಿಯಾನಾದ ಪಟಾಕಿ ಅಂಗಡಿಗಳ ಜಾಹೀರಾತು ಫಲಕಗಳನ್ನು ದಾಟಿ ಮಿಶಿಗನ್ ಹೊಕ್ಕಾಗ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಕಲಮಜೂಗಿಂತ ಸ್ವಲ್ಪ ಮೊದಲು ಪೆಟ್ರೋಲಿಗೆಂದು ಹೆದ್ದಾರಿ ಬಿಟ್ಟು ಒಂದು ಸಣ್ಣ ಊರಿನಲ್ಲಿ ನಿಂತೆವು. ದಿನಸಿ ಅಂಗಡಿಯ ಬಾಗಿಲಲ್ಲಿ ಒಬ್ಬ ಮುದುಕರು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆಯ ಮೇಲೆ ಮಾಜಿ ಸೈನಿಕರ ಟೋಪಿ, ತೊಡೆಯ ಮೇಲೆ ಕೆಂಪು ಕಾಗದದ ಹೂಗಳ ತಟ್ಟೆ, ಪಕ್ಕದಲ್ಲಿ ದೇಣಿಗೆಯ ಡಬ್ಬಿ. ಗಸಗಸೆ ಹೂವು, ಮಡಿದ ಸೈನಿಕರ ನೆನಪಿಗೆ ಎಂದು ನಿಶಾ ವಿವರಿಸಿದಳು. ಡಬ್ಬಿಗೆ ಎರಡೆರಡು ಡಾಲರ್ ಹಾಕಿದೆವು. ರಶ್ಮಿ ಕೂಡಲೇ ಸ್ವೆಟರಿಗೆ ಸಿಕ್ಕಿಸಿಕೊಂಡಳು. ನಾನು ಹೂವನ್ನು ಕೈಯಲ್ಲೇ ಹಿಡಿದು, ಹಾಕಿಕೊಳ್ಳದಿದ್ದರೆ ತಪ್ಪಾಗುತ್ತದೆಯೇ ಎಂದು ಅವರನ್ನೇ ಕೇಳಿದೆ. ಅವರಿಗೆ ನಗು ಬಂತು. ತಮ್ಮ ಹೆಂಡತಿ ಕಾರಿನ ಕನ್ನಡಿಗೆ ಸಿಕ್ಕಿಸುತ್ತಾಳೆ, ಮಗ ಮನೆಗೆ ತರುವುದೇ ಇಲ್ಲ, ತಾವಂತೂ ದಿನವೆಲ್ಲ ಹಂಚಿ ಒಂದನ್ನು ಇಟ್ಟುಕೊಳ್ಳಲು ಮರೆಯುತ್ತೇವೆ ಎಂದರು. ಅವರ ಅಂಗಿಯ ಮೇಲೆ ನಿಜಕ್ಕೂ ಏನೂ ಇರಲಿಲ್ಲ. ಥ್ಯಾಂಕ್ಯೂ ಹೇಳಿ ಹೂವನ್ನು ಚೀಲದ ಒಳಜೇಬಿಗೆ ಹಾಕಿದೆ.

ಕಾರಿಗೆ ಬಂದ ಮೇಲೆ ರಶ್ಮಿ ಹಿಂದಿನ ಸೀಟಿನ ಒಂದು ಪೊಟ್ಟಣ ತೆಗೆಸಿದಳು. ಕಪ್ಪು ಬಟ್ಟೆಯ ತೋಳುಪಟ್ಟಿಗಳು, ಹದಿನಾಲ್ಕು, ಒಂದೊಂದರ ಮೇಲೂ ಬಿಳಿ ದಾರದಲ್ಲಿ ಅಂಕಲ್ ಹೆಸರಿನ ಮೊದಲ ಅಕ್ಷರ. ಫುಟ್‌ಬಾಲಿನಲ್ಲಿ ತಂಡದವರು ಯಾರಾದರೂ ಸತ್ತರೆ ಆಟಗಾರರು ಹೀಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡುವುದು ರೂಢಿ. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೇವೆ. ಎಲ್ಲರೂ ಕಟ್ಟಿಕೊಂಡು ಆಂಟಿಯ ಜೊತೆ ಫೋಟೋ ತೆಗೆಸಿ, ಫ್ರೇಮ್ ಹಾಕಿಸಿ ಅವರಿಗೆ ಕೊಡುವುದು ರಶ್ಮಿಯ ಯೋಜನೆ.

ನಾನು ಕಟ್ಟುವುದಿಲ್ಲ ಎಂದೆ.

ರಶ್ಮಿ ಮೊದಲು ತಮಾಷೆ ಅಂದುಕೊಂಡಳು. ಮತ್ತೆ ಹೆದ್ದಾರಿ ಹಿಡಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಮೇಧಾ, ಅಂಕಲ್‌ಗೆ ನಮ್ಮೆಲ್ಲರಿಗಿಂತ ಕ್ಲೋಸ್ ಇದ್ದಿದ್ದು ನೀನು. ನೀನೊಬ್ಬಳೇ ಕಟ್ಟಿಲ್ಲ ಅಂದ್ರೆ ಆಂಟಿ ಏನ್ ಅಂದ್ಕೋತಾರೆ? ಅವ್ರ ಮನೇಲೇ ಉಳ್ಕೊಂಡು?”

ನನಗೂ ಇದ್ದ ಭಯ ಅದೊಂದೇ. ಹಿಂದಿನಿಂದ ನಿಶಾ ಇಯರ್‌ಫೋನ್ ತೆಗೆದು, “ಇಟ್ಸ್ ಹರ್ ಆರ್ಮ್, ಅಕ್ಕಾ,” ಎಂದಳು. ನೀನು ಸುಮ್ಮನಿರು ಎಂದು ರಶ್ಮಿ ಗದರಿದಳು.

ನನಗೆ ನೆನಪಾದದ್ದು ನನ್ನ ಶಾಲೆ. ಮೈಸೂರಿನ ಶಾಲೆಯಲ್ಲಿ ಡಿಸೆಂಬರಿನಲ್ಲಿ ಸೈನಿಕರ ಧ್ವಜ ದಿನಕ್ಕೆ ಸಣ್ಣ ಕಾಗದದ ಬಾವುಟಗಳನ್ನು ಕೊಳ್ಳಿಸುತ್ತಿದ್ದರು. ಏಳನೇ ತರಗತಿಯಲ್ಲಿ ಒಂದು ವರ್ಷ ಎದೆಗೆ ಚುಚ್ಚಿಕೊಳ್ಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತವರಲ್ಲಿ ನಾನೂ ಒಬ್ಬಳು. ನನ್ನ ಅಜ್ಜ ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದವರು. ಅದನ್ನು ಹೇಳಿದ್ದರೆ ಟೀಚರ್ ಕೂರಿಸುತ್ತಿದ್ದರು. ಹೇಳಲಿಲ್ಲ, ಪೀರಿಯಡ್ ಮುಗಿಯುವ ತನಕ ನಿಂತೆ. ಅಂಕಲ್ ವಿಷಯವೂ ಹಾಗೆಯೇ. ಸುದ್ದಿ ಬಂದ ದಿನದಿಂದ ಅವರ ಬಗ್ಗೆ ನಾನು ಯಾರೊಡನೆಯೂ ಮಾತಾಡಿರಲಿಲ್ಲ. ಅವರ ಹೆಸರಿನ ಅಕ್ಷರವನ್ನು ತೋಳಿಗೆ ಕಟ್ಟಿಕೊಂಡು ಕ್ಯಾಮೆರಾ ಮುಂದೆ ನಿಲ್ಲುವುದೆಂದರೆ, ಇನ್ನೂ ಬಾರದ ಮಾತನ್ನು ಬಲವಂತವಾಗಿ ಆಡಿದಂತೆ ಅನ್ನಿಸುತ್ತಿತ್ತು. “ಆಂಟಿಗೆ ನಾನೇ ಹೇಳ್ತೀನಿ,” ಎಂದಷ್ಟೇ ರಶ್ಮಿಗೆ ಹೇಳಿದೆ. “ಹೇಳು. ಅವರಿಗೆ ಬೇಜಾರಾದ್ರೆ ನನ್ನ ಹತ್ರ ಬರಬೇಡ,” ಎಂದಳು.

ಆನ್ ಆರ್ಬರ್ ಹತ್ತಿರ ಮಳೆ ಹಿಡಿಯಿತು. ನೋವೈ ತಲುಪಿದಾಗ ಅಲ್ಲಿನ ಲೆಕ್ಕದಲ್ಲಿ ಎರಡು ಗಂಟೆ. ಆಂಟಿಯ ಮನೆ ಬಾಲಾಜಿ ದೇವಸ್ಥಾನದಿಂದ ಮೂರು ಮೈಲಿ, ಎಲ್ಲ ಮನೆಗಳಿಗೂ ಒಂದೇ ಬಣ್ಣವಿರುವ ಬಡಾವಣೆಯಲ್ಲಿ. ಮೊದಲು ತಪ್ಪಿ ಪಕ್ಕದ ಮನೆಯ ಗಂಟೆ ಒತ್ತಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಾದಿದ್ದವು. ಆಂಟಿ ಬಡಿಸುವಾಗ ಕೈಯ ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. ಹಣೆಯಲ್ಲಿ ಕುಂಕುಮವೂ ಇತ್ತು. ಅದನ್ನು ನಾನು ನೋಡಿದೆ, ನೋಡದವಳಂತೆ ರೊಟ್ಟಿ ಮುರಿದೆ. ಸಂಜೆ ದೇವಸ್ಥಾನಕ್ಕೆ ಹೋಗಿ ಬಂದೆವು. ಪಟ್ಟಿಯ ಮಾತನ್ನು ಬೆಳಿಗ್ಗೆಗೆ ಮುಂದೂಡಿದೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಕೆಳಗಿಳಿದರೆ ಆಂಟಿ ಆಗಲೇ ಅಡುಗೆಮನೆಯಲ್ಲಿದ್ದರು. ಮೈದಾನಕ್ಕೆ ಒಯ್ಯಲು ಒಂದು ದೊಡ್ಡ ಪಾತ್ರೆ ತುಂಬ ಅವಲಕ್ಕಿ ಹಚ್ಚುತ್ತಿದ್ದರು. ನನ್ನ ಕೈಗೆ ಚಹಾ ಕೊಟ್ಟರು. ನಿಂತುಕೊಂಡೇ ಹೇಳಿಬಿಟ್ಟೆ: “ಆಂಟಿ, ಇವತ್ತು ಎಲ್ಲರೂ ಅಂಕಲ್ ನೆನಪಿಗೆ ತೋಳಿಗೆ ಪಟ್ಟಿ ಕಟ್ಕೊಂಡು ಆಡ್ತಾರೆ. ನಾನು ಕಟ್ಕೊಳ್ಳಲ್ಲ. ಮರ್ಯಾದೆ ಇಲ್ಲ ಅಂತ ಅಲ್ಲ.”

ಆಂಟಿ ಕೈ ನಿಲ್ಲಿಸಲಿಲ್ಲ. ಅವಲಕ್ಕಿಗೆ ಹುರಿಗಡಲೆ ಹಾಕಿದರು, ಇನ್ನೊಮ್ಮೆ ಕಲಸಿದರು. ಹೇಳಬಾರದಿತ್ತೇನೋ ಎಂದು ನನಗೆ ಅನ್ನಿಸತೊಡಗಿದಾಗ ಕೈ ಒರೆಸಿಕೊಂಡು ಎದುರಿಗೆ ಕೂತರು.

“ಅವರು ಹೋದ ಹನ್ನೊಂದನೇ ದಿನಕ್ಕ ಊರಿಂದ ಫೋನ್ ಬಂತು. ಬಳಿ ತಗೀ, ಕುಂಕುಮ ಅಳಸು ಅಂದ್ರು. ಇಲ್ಲೆ ಹುಟ್ಟಿದ ನನ್ನ ಮಗಳು, ಅಪ್ಪಾನ ವಾಚ್ ನೀ ಕಟ್ಕೋ, ಯಾವಾಗ್ಲೂ ಕಟ್ಕೋ ಅಂದ್ಲು. ಒಬ್ರು ತಗೀ ಅಂತಾರ, ಒಬ್ರು ಹಾಕ್ಕೋ ಅಂತಾರ. ನಿನಗೇನ್ ಬೇಕಾಗೇದ ಅಂತ ಒಬ್ಬರೂ ಕೇಳಲಿಲ್ಲವ್ವಾ.” ಅವಲಕ್ಕಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. “ನಿನಗ ನಾ ಏನೂ ಹೇಳಂಗಿಲ್ಲ. ಚಹಾ ಕುಡಿ, ಆರತದ.”

ಚಹಾ ಕುಡಿದೆ. ಲೋಟ ತೊಳೆದಿಟ್ಟೆ. ಆಂಟಿ ಡಬ್ಬಿಗಳ ಮುಚ್ಚಳ ಹುಡುಕುವುದಕ್ಕೆ ನನ್ನನ್ನು ಹಚ್ಚಿದರು.

ಮೈದಾನ ಊರಿನ ಪಾರ್ಕಿನದು. ಮಳೆ ನಿಂತಿತ್ತು, ಹುಲ್ಲು ಒದ್ದೆ. ನೋವೈ ಮತ್ತು ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್ ಕಡೆಯ ಸುಮಾರು ಅರವತ್ತು ಜನ ಸೇರಿದ್ದರು. ರಶ್ಮಿ ನಮ್ಮ ತಂಡದ ಎಲ್ಲರಿಗೂ ಪಟ್ಟಿ ಹಂಚಿದಳು. ನನ್ನ ಎದುರು ಬಂದಾಗ ಒಂದು ಕ್ಷಣ ತಡೆದು ಮುಂದೆ ಹೋದಳು. ನಾವು ಸಾಲಾಗಿ ನಿಂತೆವು. ಅಷ್ಟರಲ್ಲಿ ಮೈಕ್ ಹಿಡಿದು ಪಾಟೀಲ ಅಂಕಲ್ ಬಂದರು. ಗದಗಿನ ಸರ್ಕಾರಿ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಈಗ ಮಗನ ಮನೆಯಲ್ಲಿರುವವರು, ಅಂದಿನ ಸಮಾರಂಭದ ಉಸ್ತುವಾರಿ. ಪಟ್ಟಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಊರಿನಲ್ಲಿ ಕಪ್ಪು ಪಟ್ಟಿಗೆ ಇರುವುದು ಒಂದೇ ಅರ್ಥ. ಅವರೇ ಅದನ್ನು ಕಟ್ಟಿಕೊಂಡು ಎಷ್ಟೋ ಸಲ ಪಾಠ ಮಾಡಿದ್ದರಂತೆ. ಸಾಲನ್ನು ನೋಡಿ ಅವರ ಮುಖ ಇಳಿಯಿತು.

“ಇದೇನ್ರವ್ವಾ, ಕಪ್ಪು ಪಟ್ಟಿ?” ಮೈಕ್ ಆನ್ ಆಗಿಯೇ ಇತ್ತು. “ಯಾರ ವಿರುದ್ಧ ಪ್ರತಿಭಟನೆ? ಏನರ ಬೇಡಿಕಿ ಇದ್ರ ಕೂತು ಮಾತಾಡೋಣ. ಊಟಕ್ಕ ಲೇಟ್ ಆಗೇತಿ ಅಂತೇನು?” ಆಮೇಲೆ ಅವರ ಕಣ್ಣು ನನ್ನ ಬರಿದೋಳಿನ ಮೇಲೆ ಬಿತ್ತು. “ನೋಡ್ರಿ, ಈಕಿ ಒಬ್ಬಾಕಿ ನಮ್ಮ ಕಡೆ ಅದಾಳ.”

ಅರವತ್ತು ಜನ ನನ್ನ ತೋಳನ್ನೇ ನೋಡಿದರು. ನೆಲಕ್ಕೆ ಇಳಿದುಹೋದರೆ ಸಾಕೆನಿಸಿತು. ರಶ್ಮಿ ಓಡಿಹೋಗಿ ಅವರ ಕಿವಿಯಲ್ಲಿ ವಿಷಯ ಹೇಳಿದಳು. ಪಾಟೀಲ ಅಂಕಲ್ ಮೈಕ್ ಕೆಳಗಿಳಿಸಿ, ತಲೆಯ ಮೇಲಿನ ಟೋಪಿ ತೆಗೆದು, ಆಂಟಿ ಕೂತಿದ್ದ ಕಡೆ ತಿರುಗಿ ಕೈ ಮುಗಿದರು.

ಆಂಟಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು. “ಅವರಿದ್ದಿದ್ರ ಇದೊಂದ ಮಾತು ಹೇಳ್ಕೊಂಡು ವರ್ಷಗಟ್ಟಲೆ ನಗಿಸ್ತಿದ್ರು, ಪಾಟೀಲರ,” ಎಂದರು. ಆಗ ಎಲ್ಲರೂ ನಕ್ಕರು, ಪಾಟೀಲ ಅಂಕಲ್ ಕೂಡ. ಆ ನಗು ಇಳಿದ ಮೇಲೆ ಒಂದು ನಿಮಿಷ ಮೌನ ಆಚರಿಸಿದೆವು. ನಾನು ಕಂಡ ಮೌನಾಚರಣೆಗಳಲ್ಲಿ ಯಾರೂ ವಾಚ್ ನೋಡದ ನಿಮಿಷ ಅದೊಂದೇ.

ಫೋಟೋಗೆ ಕರೆದಾಗ ನಾನು ಗ್ಲೌಸ್ ಹುಡುಕುವ ನೆಪದಲ್ಲಿ ಗೋಲಿನ ಕಡೆ ಸರಿದೆ. ರಶ್ಮಿಯ ಚಿತ್ರ ಕೆಡಿಸುವುದು ನನಗೆ ಬೇಕಿರಲಿಲ್ಲ. ಆಂಟಿ ಅಲ್ಲಿಂದಲೇ ಕೂಗಿದರು: “ಏ ಮೇಧಾ, ಅಲ್ಲ್ಯಾಕ ನಿಂತಿ? ಬಾ ಇಲ್ಲೆ.” ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ರಶ್ಮಿ ಅವರಿಗೂ ಒಂದು ಪಟ್ಟಿ ಕೊಟ್ಟಳು. ನನಗೆಂದು ತಂದಿದ್ದೇ ಇರಬೇಕು. ಆಂಟಿ ಅದರ ಮೇಲಿನ ಅಕ್ಷರವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮಡಚಿ, ಪರ್ಸಿನಲ್ಲಿಟ್ಟುಕೊಂಡರು. ರಶ್ಮಿ ಅದನ್ನು ನೋಡಿದಳು. ಬಂದು ನನ್ನ ಇನ್ನೊಂದು ಪಕ್ಕಕ್ಕೆ ನಿಂತಳು.

ಪಂದ್ಯವನ್ನು ಎರಡು-ಒಂದರಿಂದ ಸೋತೆವು. ಎರಡನೇ ಗೋಲು ನನ್ನದೇ ತಪ್ಪು, ಒದ್ದೆ ಚೆಂಡು ಕೈಯಿಂದ ಜಾರಿತು. ಅವಲಕ್ಕಿ, ಮಿರ್ಚಿ ಭಜಿ, ಮೊಸರನ್ನ ತಿಂದು, ಆಂಟಿಯನ್ನು ಮನೆಗೆ ಬಿಟ್ಟು ಎರಡು ಗಂಟೆಗೆ ಹೊರಟೆವು. ಆಂಟಿ ದಾರಿಗೆಂದು ರೊಟ್ಟಿಯ ಗಂಟು ಕೊಟ್ಟರು. ಕಾರು ತಿರುಗುವಾಗ ಹಿಂದೆ ನೋಡಿದರೆ ಗ್ಯಾರೇಜಿನ ಮುಂದೆ ನಿಂತು ಕೈ ಬೀಸುತ್ತಿದ್ದರು.

ಜಾಕ್ಸನ್ ಊರು ದಾಟುವವರೆಗೆ ರಶ್ಮಿ ಹವೆ, ಪೆಟ್ರೋಲು, ಎಕ್ಸಿಟ್‌ಗಳ ಬಗ್ಗೆಯಷ್ಟೇ ಮಾತಾಡಿದಳು. ಇನ್ನೂ ಕೋಪವೇ ಎಂದು ಕೇಳಿದೆ.

“ಸ್ವಲ್ಪ. ಮೊದ್ಲೇ ಹೇಳ್ಬಾರ್ದಿತ್ತಾ? ಹದಿಮೂರೇ ಆರ್ಡರ್ ಮಾಡ್ತಿದ್ದೆ.”

ಹಿಂದೆ ನಿಶಾ ನಕ್ಕಳು. ನನಗೂ ನಗು ಬಂತು. ಆ ಒಂದು ಮಾತಿಗೆ ನಾನು ರಶ್ಮಿಗೆ ಎಷ್ಟು ಋಣಿಯೆಂದು ಅವಳಿಗೆ ಗೊತ್ತಿಲ್ಲ. ಬಿಸಿಲು ಬಿದ್ದಿತ್ತು, ಎರಡೂ ಬದಿಯ ಹೊಲಗಳು ಮಳೆಗೆ ತೊಯ್ದು ಹಸಿರಾಗಿದ್ದವು. ಯಾರೂ ಕೇಳಿರಲಿಲ್ಲ, ಆದರೂ ನಾನೇ ಮಾತು ತೆಗೆದೆ. “ಅಂಕಲ್ ನನಗೆ ಮೊದಲ ಒಂದು ತಿಂಗಳು ಚೆಂಡೇ ಕೊಡಲಿಲ್ಲ, ಗೊತ್ತಾ? ಬರೀ ಬೀಳೋದು ಕಲಿಸಿದ್ರು.”

ರಶ್ಮಿ ಕಾರಿನ ಹಾಡು ನಿಲ್ಲಿಸಿದಳು. ಹಿಂದೆ ನಿಶಾ ಇಯರ್‌ಫೋನ್ ತೆಗೆದಳು. ಇಂಡಿಯಾನಾ ಬರುವವರೆಗೆ ನಾನೊಬ್ಬಳೇ ಮಾತಾಡಿದೆ.