ಟೀಚರಿಗೆ ಎಂಜಲು ಲೋಟ ಕೊಟ್ಟ ಸೊಸೆ

ಸೊಸೆ ಮಾಡಿದ್ದು ಮರ್ಯಾದೆಗೆಟ್ಟ ಕೆಲಸ, ಅಷ್ಟೇ. ಗಲ್ಫಿನ ಮಬೇಲಾದ ನಮ್ಮ ಮನೆಗೆ, ಸೇವೆಯೆಂದು ಹೆಂಗಸರ ಬಿಪಿ ನೋಡಲು ಬಂದ, ಮೊಮ್ಮಗಳ ಶಾಲೆಯ ಅಮೆರಿಕದ ಟೀಚರನ್ನು ಕಪ್ಪು ಬಣ್ಣ ನೋಡಿ ಕೆಲಸದವಳೆಂದುಕೊಂಡು, ಎಂಜಲು ಲೋಟಗಳ ತಟ್ಟೆ ಕೈಗೆ ಕೊಟ್ಟಳು. ಟೀಚರ್ ತಟ್ಟೆ ಕೆಳಗಿಟ್ಟು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

ಆಕೆಯ ಮಾತನ್ನು ಮೊಮ್ಮಗಳು ಕನ್ನಡದಲ್ಲಿ ಹೇಳಿದಳು: “ನಮ್ಮ ದೇಶದ ಕಾಲೇಜಲ್ಲಿ ಆಗ ಕಪ್ಪು ಹುಡುಗಿಯರನ್ನು ಯಾವ ಸಂಘಕ್ಕೂ ಸೇರಿಸ್ತಿರ್ಲಿಲ್ಲ. ಅದಕ್ಕೆ ನಮ್ಮ ಹಿರಿಯಕ್ಕಂದಿರು ತಮ್ಮದೇ ಸಂಘ ಕಟ್ಟಿದ್ರು. ನೂರು ವರ್ಷ ದಾಟಿತು. ಎಲ್ಲಿಗೆ ಹೋದ್ರೂ ನಾವು ಸೇವೆ ಬಿಡ್ಲಿಕ್ಕಿಲ್ಲ.”

ಇಲ್ಲಿ ರಜೆಯಿರುವ ಶುಕ್ರವಾರ ಬೆಳಿಗ್ಗೆ ಟೀಚರ್ ಮನೆಕೆಲಸದವರಿಗೆ ಇಂಗ್ಲಿಷ್ ಅಕ್ಷರ ಕಲಿಸುತ್ತಾಳಂತೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೂ ಬರುತ್ತೇನೆ ಎಂದೆ.

“ಮಾಮಿ, ಕೆಲಸದವರೊಟ್ಟಿಗೆ ಕೂತ್ರೆ ಜನ ಎಂತ ಹೇಳ್ತಾರೆ?” ಎಂದಳು ಸೊಸೆ.

“ನೀನು ಮಾಡಿದ್ದು ಕೇಳಿದ್ರೆ ಎಂತ ಹೇಳ್ತಾರೆ?” ಎಂದೆ.

ಮರುದಿನವೇ ಶುಕ್ರವಾರ. ಬೆಳಿಗ್ಗೆ ಸೊಸೆಯ ಕೈಯಲ್ಲೇ ಕಾರು ಓಡಿಸಿ ಟೀಚರ ಕ್ಲಾಸಿಗೆ ಹೋಗಿ, ಆ ಕೆಲಸದ ಹೆಂಗಸರ ನಡುವೆ ಕೂತೆ.