ಮಲಕವ್ವನ ಮಗಳ ಪುಸ್ತಕ

ನಿಡೋಣಿಯ ಕುರಿಗಾರರ ಮನೆಯ ಮಹಾನಂದಾ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಕ್ಲಾಸೊಂದರಲ್ಲಿ ಒಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಅಕ್ಷರ ಕಲಿಯುವವರಿಗಲ್ಲ, ಇಂಗ್ಲಿಷ್ ಬಂದರೂ ಕಚೇರಿಗೆ ಒಂದು ಪತ್ರ ಬರೆಯುವಾಗ ಬೆವರುವವರಿಗೆ. 'ಆನ್ ಬಿಹಾಫ್ ಆಫ್', 'ವಿತ್ ರೆಫರೆನ್ಸ್ ಟು', 'ಇನ್ ಅಕಾರ್ಡನ್ಸ್ ವಿತ್' ಹೀಗೆ ಎರಡು ಮೂರು ಪದ ಕೂಡಿ ಒಂದೇ ಪದದಂತೆ ದುಡಿಯುವ ಮಾತುಗಳನ್ನು ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಗಳ ಹಳೆಯ ಪತ್ರಗಳಿಂದ ಆರಿಸಿ, ಲಗ್ನಪತ್ರಿಕೆಗಳ ಖಾಲಿ ಬೆನ್ನಿಗೆ ಬರೆದಿಟ್ಟಿದ್ದಳು. ಒಟ್ಟು ನಾನೂರು. ಒಂದೊಂದಕ್ಕೂ ತಾನೇ ಕಟ್ಟಿದ ಒಂದು ವಾಕ್ಯ.

ಕ್ಲಾಸಿನ ಮಾಲೀಕ ಸಿದ್ದಲಿಂಗೇಶ, "ಜೆರಾಕ್ಸ್ ಮಾಡಿಸಿ ಕೊಡ್ತೇನ್ರಿ ಮೇಡಂ" ಎಂದು ಆ ಕಟ್ಟು ಒಯ್ದ. ಮೂರು ತಿಂಗಳಿಗೆ ಅದು ಪುಸ್ತಕವಾಗಿ ಬಂತು. ಮೇಲೆ ಅವನ ಹೆಸರು, ಹಿಂದೆ ಅವನ ಫೋಟೊ. ಮಹಾನಂದಾಳ ಹೆಸರು ಎಲ್ಲೂ ಇಲ್ಲ.

ಬಿಡುಗಡೆಯ ದಿನ ಕ್ಲಾಸಿನ ಕೋಣೆ ತುಂಬ ವಿದ್ಯಾರ್ಥಿಗಳು. ಮೇಜಿನ ಮೇಲೆ ನೂರರ ಹತ್ತಿರ ಪುಸ್ತಕದ ರಾಶಿ, ಪಕ್ಕದಲ್ಲಿ ಪೇಢೆಯ ಡಬ್ಬಿ.

"ಒಂದು ಪುಟಾ ಓದ್ರಿ ಮೇಡಂ. ನಿಮ್ಮ ಉಚ್ಚಾರ ಚಲೋ ಐತಿ" ಎಂದ ಸಿದ್ದಲಿಂಗೇಶ.

ಮಹಾನಂದಾ ರಾಶಿಯಿಂದ ಒಂದು ಪುಸ್ತಕ ಎತ್ತಿಕೊಂಡಳು. ಸಿಕ್ಕ ಪುಟ ತೆರೆದು ಓದಿದಳು: "ಇನ್ ಸ್ಪೈಟ್ ಆಫ್ ಹರ್ ಫೀವರ್, ಮಲಕವ್ವ ಟುಕ್ ದ ಶೀಪ್ ಟು ಬಬಲೇಶ್ವರ." ಜ್ವರವಿದ್ದರೂ ಮಲಕವ್ವ ಕುರಿ ಹೊಡೆದುಕೊಂಡು ಬಬಲೇಶ್ವರಕ್ಕೆ ಹೋದಳು.

ಪುಸ್ತಕ ಮುಚ್ಚಿದಳು. "ಈ ಮಲಕವ್ವ ಯಾರ್ರಿ ಸರ್?"

"ಯಾವ್ದರ ಹಳ್ಳಿ ಮುದುಕಿ ಬಿಡ್ರಿ. ಉದಾಹರಣಿಗೆ ಒಂದು ಹೆಸರ ಬೇಕಲ್ಲ?"

ಹಿಂದೆ ಯಾರೋ ನಕ್ಕರು.

"ನಮ್ಮವ್ವರಿ ಆಕಿ! ಆ ಕುರಿ ಮಾರಿ ನನ್ನ ಕಾಲೇಜಿಗೆ ಹಾಕ್ಯಾಳ."

ಮಂದೆಗಳು ಬೆರೆಯುವ ಮುಂಚೆ ಮಲಕವ್ವ ತನ್ನ ಪ್ರತಿ ಕುರಿಯ ಬೆನ್ನಿಗೆ ಕೆಂಪು ಕಾವಿ ಬಳಿಯುತ್ತಿದ್ದಳು. "ಗುರ್ತ ಇಲ್ಲದ ಕುರಿ ಸಂತ್ಯಾಗ ಯಾರ್ದರ ಆಗ್ತೈತಿ, ಯವ್ವಾ" ಎನ್ನುತ್ತಿದ್ದಳು. ಆ ಮಾತು ನೆನಪಿಟ್ಟೇ ಮಗಳು ತನ್ನ ವಾಕ್ಯಗಳಲ್ಲೆಲ್ಲ ಅವ್ವನನ್ನು, ತನ್ನ ತಮ್ಮ ಅಮೋಘಿಯನ್ನು, ನಿಡೋಣಿಯ ಬಾವಿಯನ್ನು ಇಟ್ಟಿದ್ದಳು.

"ಕುರಿ ಕದ್ದವರು ಮೊದಲ ಕಾವಿ ತೊಳೀತಾರ್ರಿ ಸರ್. ನೀವು ಅಷ್ಟೂ ಮಾಡಿಲ್ಲ. ತೊಳೀಬೇಕಂದ್ರ ಓದಬೇಕಿತ್ತು."

ಸಿದ್ದಲಿಂಗೇಶನ ಮುಖ ಕಪ್ಪಿಟ್ಟಿತು. "ನಾಳಿಂದ ಕ್ಲಾಸಿಗೆ ಬರಬ್ಯಾಡ್ರಿ."

"ಬರೂದಿಲ್ರಿ. ಇವತ್ತಿನ ಕೆಲಸಾ ಮುಗಿಸಿ ಹೋಗ್ತೇನಿ."

ಮಹಾನಂದಾ ರಾಶಿಯ ಮುಂದೆ ಕುರ್ಚಿ ಎಳೆದುಕೊಂಡಳು. ಪೇಪರ್ ತಿದ್ದುವ ಕೆಂಪು ಪೆನ್ನು ತೆಗೆದು, ಮೊದಲ ಪುಸ್ತಕದ ಮುಖಪುಟಕ್ಕೆ ಅಡ್ಡಡ್ಡ ಬರೆದಳು: ಮಹಾನಂದಾ, ಮಲಕವ್ವನ ಮಗಳು, ನಿಡೋಣಿ. ಆಮೇಲೆ ಎರಡನೆಯದಕ್ಕೆ. ಅಕ್ಷರ ಎಂದಿನಂತೆ ದುಂಡಗೆ ಬೀಳುತ್ತಿದ್ದವು.

ಸಿದ್ದಲಿಂಗೇಶ ರಾಶಿಗೆ ಕೈ ಹಾಕಲು ಬಂದ. ಮುಂದಿನ ಸಾಲಿನಲ್ಲಿದ್ದ ಅರಕೇರಿಯ ಕಾವ್ಯಾ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಮಹಾನಂದಾಳ ಹತ್ತಿರ ಕಲಿಯುತ್ತಿದ್ದವಳು, ಎದ್ದು ಅಡ್ಡ ನಿಂತಳು. ತನ್ನ ಕೈಯಲ್ಲಿದ್ದ ಪುಸ್ತಕ ಮುಂದೆ ಚಾಚಿದಳು.

"ಇದಕ್ಕೂ ಹಾಕ್ರಿ ಮೇಡಂ."

ಮಹಾನಂದಾ ತಲೆ ಎತ್ತಲಿಲ್ಲ.

"ತಡಿ ಬೇ. ಇನ್ನೂ ಎಂಬತ್ತು ಕುರಿ ಅದಾವ."