ಗುತ್ತೂರಿನ ರಸ್ತೆಯಲ್ಲಿ ಕೂಗಿದ ಸೈರನ್

“ಬಿಳಿ ನಿಲುವಂಗಿಯ ದೇವದೂತನೊಬ್ಬ ಅಡ್ಡ ಬಂದು ನಿಂತ. ಹೊಡೆಯಲು ಬಂದವರ ಕಣ್ಣಿಗೆ ಕತ್ತಲೆ ಕವಿಯಿತು. ಕರ್ತನು ತನ್ನ ದಾಸನನ್ನು ಕೂದಲೂ ಕೊಂಕದಂತೆ ಕಾಪಾಡಿದನು.”

ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಕೃಪೆಯ ಕುರಿತು ಪ್ರಸಂಗ ನಡೆದಾಗಲೆಲ್ಲ ಈ ಸಾಕ್ಷಿ ಬಂದೇ ಬರುತ್ತದೆ. ಎಸ್.ಎಸ್. ಬಡಾವಣೆಯ ಮನೆಪ್ರಾರ್ಥನೆಗಳಲ್ಲಿ ನನ್ನ ಹೆಂಡತಿ ಕರುಣಮ್ಮನೇ ಇದನ್ನು ಕಣ್ಣೀರಿಟ್ಟು ಹೇಳುತ್ತಾಳೆ. ಆ ದಾಸ ನಾನು. ಕೂದಲು ಕೊಂಕದ ಈ ದಾಸನ ಬಾಯಲ್ಲಿ ಮುಂದಿನ ಹಲ್ಲುಗಳಿಲ್ಲ. ಎಡಪಕ್ಕೆಯ ಎಲುಬುಗಳು ಮೋಡ ಕಟ್ಟಿದ ದಿನ ಇಂದಿಗೂ ನೋಯುತ್ತವೆ. ಅಲ್ಲಿದ್ದವನು ನಾನು, ಕರುಣಮ್ಮ ಇರಲಿಲ್ಲ.

ಓದುಗರಲ್ಲಿ ಮೊದಲೇ ಒಪ್ಪಿಕೊಳ್ಳುತ್ತೇನೆ: ಅದ್ಭುತಗಳನ್ನು ನಂಬುವ ಸ್ವಭಾವ ನನ್ನದಾಗಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಸ್ವಂತವಾಗಿ ಓದಿದ್ದು ವೈರಿಂಗ್ ಪುಸ್ತಕ, ನಿಘಂಟು, ಸತ್ಯವೇದ. ಮೂರನ್ನೂ ಒಂದೇ ಬಗೆಯಲ್ಲಿ ಓದಿದೆ. ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆಯೆಂದು ಬೆರಳಿಟ್ಟು ತೋರಿಸಲಾಗದ ಮಾತನ್ನು ನಾನು ಒಪ್ಪುತ್ತಿರಲಿಲ್ಲ.

ಹರಿಹರದ ಕಡೆಯ ಗುತ್ತೂರಿನ ಬಳಿ ಒಂದು ಎರಕದ ಕಾರ್ಖಾನೆಯಲ್ಲಿ ಆಗ ಎಲೆಕ್ಟ್ರಿಷಿಯನ್ ಆಗಿದ್ದೆ. ಪಾಳಿ ಬದಲಾಗುವಾಗ ಅಲ್ಲಿ ಸೈರನ್ ಕೂಗುತ್ತಿತ್ತು. ಕುಲುಮೆಯ ಮುಂದೆ ಕಟ್ಟುನಿಟ್ಟಾದ ಒಂದು ರೂಢಿಯಿತ್ತು. ಸೈರನ್ ಕೇಳಿದೊಡನೆ ಕೈಯಲ್ಲಿರುವ ಕಬ್ಬಿಣದ ಸಲಾಕೆಯನ್ನು ನಿಂತಲ್ಲೇ ನೆಲಕ್ಕೆ ಬಿಡಬೇಕು. ಮುಂದಿನ ಪಾಳಿಯವನು ಅದನ್ನು ನೆಲದಿಂದಲೇ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಡುವಾಗ ಕಾದ ತುದಿ ತಗುಲಿ ಹಿಂದೊಬ್ಬ ಕಣ್ಣು ಕಳೆದುಕೊಂಡಿದ್ದ. ವರ್ಷಗಟ್ಟಲೆ ಹೀಗೆ ದುಡಿದವನು ಆಮೇಲೆ ಅದನ್ನು ಯೋಚಿಸಿ ಮಾಡುವುದಿಲ್ಲ. ಕಿವಿ ಕೇಳುತ್ತದೆ, ಬೆರಳು ಬಿಡುತ್ತದೆ.

ಆ ಸೈರನ್ನಿನ ಮೋಟರ್ ಸುಟ್ಟುಹೋಯಿತು. ನಾನು ಏಣಿ ಹತ್ತಿ ಅದನ್ನು ಕಂಬದಿಂದ ಇಳಿಸಿ, ದಾವಣಗೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನಡೆಸುವ ಗೆಳೆಯ ಮೌಲಾಸಾಬರಿಗೆ ಕೊಟ್ಟು ಬಂದೆ. ನಡೆದದ್ದು ಇಷ್ಟೇ. ಆದರೆ ಅದು ಕಾರ್ಖಾನೆ ಮುಚ್ಚುತ್ತದೆಂಬ ಗುಲ್ಲು ಹಬ್ಬಿದ್ದ ಕಾಲ. ಹರಿಹರದ ಸುತ್ತ ಅಂಥ ಮುಚ್ಚುವಿಕೆಗಳನ್ನು ಕಂಡ ಜನಕ್ಕೆ ಅದರ ಕ್ರಮ ಬಾಯಿಪಾಠವಾಗಿತ್ತು: ಮೊದಲು ಸೈರನ್ ಇಳಿಯುತ್ತದೆ, ಆಮೇಲೆ ಯಂತ್ರಗಳು ಲಾರಿ ಹತ್ತುತ್ತವೆ, ಕೊನೆಗೆ ಗೇಟಿಗೆ ಬೀಗ ಬೀಳುತ್ತದೆ. ಏಣಿಯ ಮೇಲೆ ನನ್ನನ್ನು ಕಂಡವರು, ಮಾಲೀಕರೊಂದಿಗೆ ಸೇರಿ ಇವನು ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾನೆಂದು ತೀರ್ಮಾನಿಸಿದರು. ಕುಲುಮೆಯ ನಾಗರಾಜ ಎಲ್ಲರಿಗಿಂತ ಮೊದಲು ತೀರ್ಮಾನಿಸಿದ. ಅವನ ಮನೆಯಲ್ಲಿ ಆಗಷ್ಟೇ ಮಗು ಹುಟ್ಟಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಸೈರನ್ ತರುವುದಾಗಿ ಮೌಲಾಸಾಬ್ ಹೇಳಿಕಳಿಸಿದ್ದರು. ಅವರನ್ನು ಎದುರುಗೊಳ್ಳಲು ಗೇಟಿನಾಚೆ ರಸ್ತೆಗೆ ಬಂದೆ. ಕಾಂಪೌಂಡಿನ ತಿರುವಿನಲ್ಲಿ ನಾಗರಾಜ ನಿಂತಿದ್ದ, ಕೈಯಲ್ಲಿ ಸಲಾಕೆ. ಹೊರಗಿನಿಂದ ಕರೆತಂದ ಇಬ್ಬರು ಅವನ ಹಿಂದಿದ್ದರು.

“ಏನ್ರಿ ಯಜಮಾನ್ರೆ, ಸೈರನ್ ಮಾರಿ ಬಂದ್ರಾ? ಇನ್ನ ಗೇಟ್ ಯಾವಾಗ ಮಾರ್ತೀರಿ?”

“ಮಾರಿಲ್ಲಪ್ಪ. ಮೋಟರ್ ಸುಟ್ಟೈತೆ, ರಿಪೇರಿಗೆ ಹೋಗೈತೆ.”

“ರಿಪೇರಿಗೆ! ಹಂಗಾರೆ ನನ್ ಕೂಸಿನ ಹೊಟ್ಟೀನೂ ಒಂದೀಟು ರಿಪೇರಿ ಮಾಡಿಸ್ಕೊಂಡ್ ಬರ್ರಿ. ದಿನಾ ಬೈಬಲ್ ಓದೋದು ಇಂಥದಕ್ಕೇನು?”

ಮೊದಲ ಏಟು ಬಾಯಿಗೆ ಬಿತ್ತು. ಹಲ್ಲುಗಳು ನಾಲಿಗೆಯ ಮೇಲೆ ಹರಳುಗಳಂತೆ ಉರುಳಿದವು. ಬಿದ್ದವನ ಕಾಲುಗಳನ್ನು ಆ ಇಬ್ಬರು ತುಳಿದು ಹಿಡಿದರು. ಪಕ್ಕೆಲುಬು ಮುರಿದ ಸದ್ದು ನನಗೆ ಒಳಗಿನಿಂದ ಕೇಳಿಸಿತು. ಆಗ ನನ್ನ ಬಾಯಿಂದ ಪ್ರಾರ್ಥನೆ ಹೊರಟಿತೆಂದು ಕರುಣಮ್ಮ ಹೇಳುತ್ತಾಳೆ. ಹೊರಟದ್ದು ರಕ್ತ, ಮತ್ತು ಸಭೆಯಲ್ಲಿ ಉಚ್ಚರಿಸಲಾಗದ ಒಂದು ಬೈಗುಳ.

ಬಿಳಿ ಬಟ್ಟೆ ಕಂಡದ್ದು ನಿಜ. ಅದು ಮೌಲಾಸಾಬರ ಶುಕ್ರವಾರದ ಜುಬ್ಬ. ಸ್ಕೂಟರನ್ನು ರಸ್ತೆಯಲ್ಲೇ ಕೆಡವಿ, “ಯಾ ಅಲ್ಲಾ! ಸಾಯ್ತಾನ್ರೋ, ಬಿಡ್ರೋ!” ಎಂದು ಕೂಗುತ್ತ ಓಡಿ ಬಂದು ಅವರು ನನ್ನ ಮೇಲೆ ಕವುಚಿ ಬಿದ್ದರು. ನನ್ನ ತಲೆಗೆ ಇಳಿಯುತ್ತಿದ್ದ ಸಲಾಕೆಗೆ ಬಲಗೈ ಒಡ್ಡಿದರು. ಮುಂಗೈ ಹಸಿಕೊಂಬೆಯ ಹಾಗೆ ಬಾಗಿತು. ನಾಗರಾಜ ಸಲಾಕೆಯನ್ನು ಎರಡೂ ಕೈಯಿಂದ ಮತ್ತೆ ಎತ್ತಿದ. ಅವನ ಮುಖ ನೋಡಿದೆ. ಇನ್ನೊಂದು ಏಟಿಗೆ ನಮ್ಮಲ್ಲೊಬ್ಬರು ಉಳಿಯುವುದಿಲ್ಲವೆಂದು ತಿಳಿಯಿತು.

ಆಗ ಸೈರನ್ ಕೂಗಿತು.

ತಗ್ಗಿನಲ್ಲಿ ಗೊಣಗುತ್ತ ಹೊರಟು, ಏರಿ, ಎದೆಗೂಡನ್ನು ನಡುಗಿಸುವ ಅದೇ ಕೂಗು. ನಾಗರಾಜನ ಬೆರಳುಗಳು ಬಿಚ್ಚಿಕೊಂಡವು. ಸಲಾಕೆ ಅವನ ಬೆನ್ನ ಹಿಂದೆ ಬಿದ್ದು ಠಣಾರನೆ ಸದ್ದು ಮಾಡಿತು. ಬರಿಗೈಗಳನ್ನು ತಲೆಯ ಮೇಲೆ ಹಿಡಿದೇ ಅವನು ಸುತ್ತ ನೋಡಿದ, ಮುಂದಿನ ಪಾಳಿಯವನು ಎಲ್ಲೆಂದು ಹುಡುಕುವವನಂತೆ. ಆ ಮುಖ ಕಂಡ ಸಂಗಡಿಗರು ಕಾಲಿಗೆ ಬುದ್ಧಿ ಹೇಳಿದರು.

ಕಾರ್ಖಾನೆಯ ಕಂಬ ಬರಿದಾಗಿತ್ತು. ಸೈರನ್ ಇದ್ದದ್ದು ಬಿದ್ದ ಸ್ಕೂಟರಿನ ಪಕ್ಕದಲ್ಲಿ, ಗೋಣಿಚೀಲದೊಳಗೆ. ಅದಕ್ಕೆ ತಂತಿ ಜೋಡಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಮೌಲಾಸಾಬರನ್ನು ಕೇಳಿದೆ. “ಏನೂ ಕೂಗ್ಲಿಲ್ಲ ಭಾಯಿ. ನಿಮ್ ಮ್ಯಾಲೇ ಬಿದ್ದಿದ್ನಲ್ಲ, ನನಗ್ ಕೇಳ್ತಿರ್ಲಿಲ್ವಾ? ಕರೆಂಟಿಲ್ದ ಮೋಟರ್ ಹೆಂಗೆ ಕೂಗ್ತೈತೆ? ತಲೆಗೆ ಪೆಟ್ಟು ಬಿದ್ದೈತೆ ನಿಮ್ಗೆ, ಸುಮ್ನೆ ಮಲ್ಕಳ್ರಿ” ಎಂದರು. ನನ್ನ ತಲೆಗೆ ಪೆಟ್ಟು ಬಿದ್ದಿರಲಿಲ್ಲ. ಅದನ್ನು ತಡೆದ ಕೈ ಪಕ್ಕದ ಮಂಚದ ಮೇಲೆ ಪಟ್ಟಿ ಸುತ್ತಿಕೊಂಡು ಮಲಗಿತ್ತು.

ಗೇಟಿನ ಕಾವಲುಗಾರನಿಗೆ ಕೇಳಿಸಿರಲಿಲ್ಲ. ಆ ಹೊತ್ತಿನಲ್ಲಿ ಸುತ್ತಮುತ್ತ ಬೇರೆ ಯಾವ ಸೈರನ್ನೂ ಕೂಗಿರಲಿಲ್ಲವೆಂದು ವಿಚಾರಿಸಿ ತಿಳಿದೆ. ಸಾವಿನ ಭಯಕ್ಕೆ ನನ್ನ ಕಿವಿಯೇ ಅದನ್ನು ಹುಟ್ಟಿಸಿಕೊಂಡಿತೆನ್ನೋಣ; ಕೊಲ್ಲಲು ನಿಂತ ನಾಗರಾಜನಿಗೆ ಯಾವ ಭಯವಿತ್ತು? ಅವನ ಕಿವಿಯೂ ಅದೇ ಕ್ಷಣದಲ್ಲಿ ಅದನ್ನೇ ಏಕೆ ಕೇಳಿತು? ಈ ತಂತಿಯ ಇನ್ನೊಂದು ತುದಿ ನನಗೆ ಇಂದಿಗೂ ಸಿಕ್ಕಿಲ್ಲ.

ಮೊನ್ನೆ ಪ್ರಾರ್ಥನೆ ಮುಗಿಸಿ ಬಂದ ಕರುಣಮ್ಮನನ್ನು ತಡೆದು ಕೇಳಿದೆ: “ನಿನ್ ಸಾಕ್ಷಿ ಒಳಗೆ ಮೌಲಾಸಾಬ್ರು ಎಲ್ಲಿ ಹೋದ್ರು?”

“ಸುಮ್ನಿರ್ರಿ. ದೇವ್ರು ನಿಮ್ಮನ್ನ ಉಳಿಸಿದ್ದು ಸುಳ್ಳಾ?”

“ಸುಳ್ಳಲ್ಲ. ಆದ್ರೆ ಅವ್ರ ಕೈ ಯಾಕ ಉಳಿಸ್ಲಿಲ್ಲ ಅಂತ ನಿನ್ ದೇವದೂತನ್ನ ಒಂದ್ ಮಾತು ಕೇಳಿ ಬಾ.”

ಅವಳು ಬಳೆ ತಿರುಗಿಸುತ್ತ, “ಮೊದ್ಲು ಸಾಬ್ರ ಹೆಸ್ರು ಹೇಳ್ತಿದ್ದೆ. ಜನ ಮುಖ ಮುಖ ನೋಡ್ಕಂತಿದ್ರು” ಎಂದಳು.

ಕೃಪೆ ಪುಕ್ಕಟೆಯೆಂದು ಪ್ರಸಂಗಗಳಲ್ಲಿ ಕೇಳಿದ್ದೇನೆ. ಪಡೆದವನಿಗೆ ಪುಕ್ಕಟೆಯೇ. ನನ್ನ ಪಾಲಿನದಕ್ಕೆ ಇನ್ನೊಬ್ಬರ ಕೈ ಹೋಯಿತು. ಮಹತ್ಕಾರ್ಯಕ್ಕಾಗಿ ದೇವರು ನಿನ್ನನ್ನು ಉಳಿಸಿದ್ದಾನೆಂದು ಸಭಾಪಾಲಕರು ಹೇಳಿದ್ದರು. ಆ ಮಹತ್ಕಾರ್ಯಕ್ಕಾಗಿ ಬಹಳ ಕಾಲ ಕಾದೆ; ಅದು ಬರಲಿಲ್ಲ. ಕಾರ್ಖಾನೆ ಕೊನೆಗೆ ಮುಚ್ಚಿಯೇ ಹೋಯಿತು. ಮೌಲಾಸಾಬರ ಬೆರಳುಗಳಿಗೆ ತಾಮ್ರದ ತಂತಿ ಹಿಡಿಯಲಾಗುತ್ತಿರಲಿಲ್ಲ. ನಾನು ಅವರ ಅಂಗಡಿಗೆ ಹೋಗಿ ಬಲಕ್ಕೆ ಕುಳಿತೆ. ಅವರು ಸುತ್ತಿನ ಲೆಕ್ಕ ಹೇಳುತ್ತಾರೆ, ನಾನು ತಂತಿ ಸುತ್ತುತ್ತೇನೆ. ತಪ್ಪಿದರೆ ಉರ್ದುವಿನಲ್ಲಿ ಬೈಯುತ್ತಾರೆ. ನನ್ನ ಬದುಕಿನ ಉದ್ದೇಶ ಇದೇ ಆಗಿದ್ದರೆ ನನಗೆ ದೂರಿಲ್ಲ. ಆದರೆ ಸಾಬರನ್ನು ಬಿಟ್ಟು ದೇವದೂತನನ್ನು ನಿಲ್ಲಿಸುವ ಕಥೆಯ ಬಗ್ಗೆ ದೂರು ಇದೆ.

ನನ್ನ ಮಾತನ್ನೂ ನಂಬಬೇಕಾಗಿಲ್ಲ. ಯಾರೂ ಕೇಳಿಕೊಂಡು ಬರದ ಆ ಸೈರನ್ ನಮ್ಮ ಅಂಗಡಿಯ ಅಟ್ಟಣಿಗೆಯ ಮೇಲಿದೆ. ಜೈಲುವಾಸ ಮುಗಿಸಿ ಬಂದ ನಾಗರಾಜ ಈಗ ಶಾಮನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಹೋಗಿ ಕೇಳಬಹುದು. ದೇವದೂತನ ಬಗ್ಗೆ ಕೇಳಿದರೆ, “ಅದು ಸಾಬ್ರ ಜುಬ್ಬಾ ರೀ” ಎಂದು ಗಿರಣಿಯ ಸದ್ದಿನಲ್ಲೇ ಕೂಗಿ ಹೇಳುತ್ತಾನೆ. ಸಲಾಕೆ ಏಕೆ ಬಿಟ್ಟೆಯೆಂದು ಕೇಳಿದರೆ ಮಾತ್ರ ಮೊದಲು ಸ್ವಿಚ್ ಆರಿಸುತ್ತಾನೆ. ಬೆಲ್ಟ್ ಪೂರ್ತಿ ನಿಲ್ಲುವವರೆಗೆ ಕಾಯುತ್ತಾನೆ.

“ಸೈರನ್ ಆತಲ್ರಿ,” ಎನ್ನುತ್ತಾನೆ. “ನನ್ ಪಾಳಿ ಮುಗೀತು.”